ಹುಚ್ಚವ್ವನ ಕೋಲಿಯ ತಗಡು

ಎಪ್ಪತ್ತೇಳನೆಯ ಇಸವಿಯ ಉತ್ತರಿ ಮಳೆ ಹೊಯ್ದು ಬಿಟ್ಟ ಒಂದು ಮುಂಜಾನೆ, ಬಾಗೇವಾಡಿಯ ಸಾವಿತ್ರವ್ವ ಅಕ್ಕೋರ ಪಡಸಾಲೆಯ ಕಂಬ ಹಿಡಿದುಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಉಟ್ಟ ಸೀರೆ ತೊಯ್ದು ತೊಪ್ಪೆಯಾಗಿತ್ತು. ಒಳಗೆ ಬಾ ಎಂದರೆ ಬರಲಿಲ್ಲ, ಕೂಡು ಎಂದರೆ ಕೂಡಲಿಲ್ಲ. ಪರಸಪ್ಪ ಚಹಾದ ಕಪ್ಪು-ಬಸಿ ಮುಂದೆ ಹಿಡಿದ. ಅದನ್ನೂ ಮುಟ್ಟಲಿಲ್ಲ. ಚಹಾ ಬೇಡವೆನ್ನುವ ದುಃಖ ಸಣ್ಣದಿರುವುದಿಲ್ಲ ಎಂದು ಪರಸಪ್ಪ ಅನುಭವದಿಂದ ಬಲ್ಲ.

ಆ ಅನುಭವ ಅವನು ಬೇಡಿ ಪಡೆದದ್ದೇನಲ್ಲ. ಸಾವಿತ್ರವ್ವ ಅಕ್ಕೋರು ಹೆಣ್ಣುಮಕ್ಕಳ ಶಾಲೆಯ ಮುಖ್ಯಾಧ್ಯಾಪಕಿಯಾಗಿದ್ದಷ್ಟು ಕಾಲವೂ ಅವನು ಅಲ್ಲಿ ಗಂಟೆ ಬಾರಿಸುವ ಸಿಪಾಯಿ. ಅವರ ಜೊತೆಗೇ ಅವನೂ ನಿವೃತ್ತನಾದ. ಇನ್ನು ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡು ಹೋಗುವವರ ಬರುವವರ ಸುದ್ದಿ ಮಾತಾಡಬಹುದೆಂದು ಆಸೆಪಟ್ಟಿದ್ದ. ಆದರೆ ಅಕ್ಕೋರ ತಲೆಗೆ ನಿವೃತ್ತಿ ಇರಲಿಲ್ಲ. ತಾಳಿಕೋಟೆಯ ಜವಳಿ ಅಂಗಡಿಗೆ ಬೆಂಕಿ ಇಟ್ಟವನನ್ನು ಅವರು ಹಿಡಿದುಕೊಟ್ಟರು. ಹೊರ್ತಿಯಲ್ಲಿ ಕಾಣೆಯಾಗಿದ್ದ ಮದುಮಗನನ್ನು ಹುಡುಕಿ ತಂದರು. ಅಲ್ಲಿಂದ ಮುಂದೆ ನಾಲ್ಕು ತಾಲೂಕಿನ ಅಳು ಇದೇ ಪಡಸಾಲೆಗೆ ಬರತೊಡಗಿತು. ಅಕ್ಕೋರು ಅಳು ಕೇಳುವರು, ಪರಸಪ್ಪ ಚಹಾ ಕಾಸುವನು, ಆಮೇಲೆ ಇಬ್ಬರೂ ಬಸ್ಸು ಹತ್ತುವರು.

"ಅಕ್ಕೋರ, ನಾ ಸಗೀರಾ. ನಿಮ್ಮ ಸಾಲ್ಯಾಗ ಕಲ್ತಾಕಿರಿ. ಮುದ್ದೇಬಿಹಾಳಕ್ಕ ಕೊಟ್ಟಾರ ನನ್ನ," ಎಂದಳು ಆ ಹೆಂಗಸು. "ನಮ್ಮನಿಯವ್ರನ್ನ ಪೊಲೀಸರು ಹಿಡಕೊಂಡು ಹೋಗ್ಯಾರ್ರಿ. ಗೊಳಸಂಗ್ಯಾಗ ಗ್ವಾಡಿ ಬಿದ್ದು ಒಬ್ಬ ಮುದುಕಿ ಸತ್ತಾಳ. ಆ ಮನಿಗೆ ತಗಡು ಹೊಚ್ಚಿದವ್ರು ನಮ್ಮನಿಯವ್ರ."

"ಹೆಸರೇನು ನಿನ್ನ ಗಂಡಂದು?"

"ದಾವಲಮಲಿಕ ಅಂತ್ರಿ. ಮನಿ ಮ್ಯಾಲ ಹೊಚ್ಚೂ ಕೆಲಸ ಕಲ್ತು, ಸರಕಾರದ ಸರ್ಟಿಫಿಕೇಟ್ ತೊಗೊಂಡಾರ್ರಿ. ಕಟ್ಟು ಹಾಕಿಸಿ ಗ್ವಾಡಿಗೆ ತೂಗಹಾಕಿದ್ರು. ಫೌಜದಾರ್ರು ಅದನ್ನೂ ತೊಗೊಂಡು ಹೋದ್ರು."

"ಅವ ಏನಂತಾನ?"

ಸಗೀರಾ ಅಲ್ಲಿಯ ತನಕ ಅತ್ತಿರಲಿಲ್ಲ. ಈಗ ಅತ್ತಳು. "ಅದ ನನಗ ಅಂಜಿಕಿ ಆಗೇತ್ರಿ. ಮೊದಲ, 'ನಂದೇನೂ ತಪ್ಪಿಲ್ಲ' ಅಂತಿದ್ರು. ನಿನ್ನಿ ನೋಡಾಕ ಹೋದ್ರ, 'ಸಗೀರಾ, ನಾನ ಎಲ್ಲೋ ತಪ್ಪೀನಿ. ಇಲ್ಲಂದ್ರ ತಗಡು ಹ್ಯಾಂಗ ಜರಡಿ ಆಗ್ತಾವು? ಫೌಜದಾರ್ರು ಬರದಿದ್ದಕ್ಕ ಸಹಿ ಮಾಡಿಬಿಡ್ತೇನಿ' ಅಂದ್ರು. ಸಹಿ ಮಾಡಿದ್ರ ಜೈಲಿಗೆ ಹೋಗ್ತಾರ್ರಿ. ತಪ್ಪು ಏನಂತ ಅವ್ರಿಗೇ ಗೊತ್ತಿಲ್ಲ, ಆದ್ರೂ ಸಹಿ ಮಾಡ್ತೇನಿ ಅನ್ನಾಕತ್ತಾರ!"

ಅಕ್ಕೋರು ಎದ್ದು ಕೊಡೆ ತೆಗೆದುಕೊಂಡರು. "ನಾ ಬರೂತನಕಾ ಕೈ ಕಟಗೊಂಡು ಕೂಡು ಅಂತ ಅವಗ ಹೇಳು. ಪೆನ್ನು ಮುಟ್ಟಿದ್ರ ನಾ ಸುಮ್ನಿರಂಗಿಲ್ಲ ಅನ್ನು," ಎಂದು ಪರಸಪ್ಪನ ಕಡೆ ತಿರುಗಿದರು. ಪರಸಪ್ಪ ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದ.

ಠಾಣೆಯಲ್ಲಿ ಫೌಜದಾರರು ಅಕ್ಕೋರಿಗೆ ಎದ್ದು ನಿಂತು ಕುರ್ಚಿ ಕೊಟ್ಟರು. ಮನುಷ್ಯ ಕೆಟ್ಟವನಲ್ಲ, ಆದರೆ ಅವಸರದವನು. "ನೋಡ್ರಿ ಅಕ್ಕೋರ, ಬಾಳ ತನಿಖಿ ಬೇಕಾಗಿಲ್ಲ ಇದಕ್ಕ. ಗುರಲಿಂಗಪ್ಪ ಅನ್ನಾಂವ ಹಳೀ ಮಾಳಗಿ ಕೆಡವಿ ಹೊಸಾ ತಗಡು ಹಾಕಿಸ್ಯಾನ. ಮೂರು ಮಳಿಗಾಲದಾಗ ಅವನ ತಾಯಿ ಹುಚ್ಚವ್ವ ಮಲಗೂ ಕೋಲಿ ಮ್ಯಾಲಿನ ತಗಡು ತೂತು ಬಿದ್ದು, ನೀರು ಗ್ವಾಡಿಗೆ ಇಳದು, ಗ್ವಾಡಿ ಮುದುಕಿ ಮ್ಯಾಲ ಬಿತ್ತು. ಹೊಸಾ ತಗಡು ಇಷ್ಟು ಜಲ್ದಿ ಕೊಳಿತಾವೇನ್ರಿ? ಗುಜರಿ ಮಾಲು ಬೆರಸ್ಯಾನ ನಿಮ್ಮ ಸರ್ಟಿಫಿಕೇಟ್‌ದಾಂವ."

"ಬೆರಸಿದ್ದು ನೀವು ನೋಡೀರೇನು?"

"ನೋಡೂದೇನೈತ್ರಿ, ಕಾಣ್ತೈತಿ."

"ಕಾಣೂದು ಬ್ಯಾರೆ, ನೋಡೂದು ಬ್ಯಾರೆ. ನಾಳೆ ಮಧ್ಯಾಹ್ನ ಅವನ್ನ ಗೊಳಸಂಗಿಗೆ ಕರ್ಕೊಂಡು ಬರ್ರಿ. ಅಲ್ಲೀತನಕಾ ಸಹಿ ತೊಗೋಬ್ಯಾಡ್ರಿ," ಎಂದರು ಅಕ್ಕೋರು. ಫೌಜದಾರರು ತಲೆ ತುರಿಸಿಕೊಂಡು ಒಪ್ಪಿದರು.

ಗೊಳಸಂಗಿಯಲ್ಲಿ ಗುರಲಿಂಗಪ್ಪನ ಮನೆ ಯಾವುದೆಂದು ಕೇಳುವ ಅಗತ್ಯವೇ ಬೀಳಲಿಲ್ಲ. ಊರೆಲ್ಲ ಜಂತೆಯ ಮೇಲೆ ಮಣ್ಣು ಹಾಸಿದ ಚಪ್ಪಟೆ ಮಾಳಿಗೆಗಳ ನಡುವೆ ತಗಡು ಹೊಳೆಯುವ ಮನೆ ಅದೊಂದೇ. ಗುರಲಿಂಗಪ್ಪ ನಡುವಯಸ್ಸಿನ ಒಕ್ಕಲಿಗ. ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದ. ದಾವಲಮಲಿಕನ ಹೆಸರು ಕಿವಿಗೆ ಬಿದ್ದೊಡನೆ ಅವನ ಕಣ್ಣು ಕೆಂಪಾದವು.

"ಅಕ್ಕೋರ, ಹುಡುಗಾಟಕ್ಕ ಮಾಡಿದ ಕೆಲಸ ಅಲ್ರಿ ಇದು. ಹಳೀ ಮಾಳಗೀ ಜಂತಿ ಗೆದ್ದಲ ತಿಂದಿದ್ದವು. ಮಳಿ ಬಂದ್ರ ಅವ್ವ ನಿದ್ದಿ ಮಾಡ್ತಿದ್ದಿಲ್ಲ. 'ನನ್ನ ತಲಿ ಮ್ಯಾಲ ಬೀಳೂದ್ರಾಗ ಏನರೆ ಮಾಡಪಾ' ಅಂತಿದ್ಳು. ಮತ್ತ ಜಂತಿ ಹಾಕಿಸೂಣಂದ್ರ ಬರಗಾಲದಾಗ ಗಿಡ ಎಲ್ಲಾ ಕಡದು ಹೋಗಿದ್ದವು. ಅದಕ್ಕ ಊರೂರು ತಿರುಗಿದ್ನಿ."

ಮನೆಯ ಮೇಲೆ ಏನು ಹೊದಿಸುವುದೆಂದು ಗೊತ್ತುಮಾಡಲು ಆ ಮನುಷ್ಯ ಒಂದು ವರ್ಷ ತೆಗೆದುಕೊಂಡಿದ್ದ. ಇಂಡಿಯಲ್ಲಿ ಮಂಗಳೂರು ಹಂಚಿನ ಮನೆ ನೋಡಿದ. ಚೆಂದವೇ ಕಂಡಿತು, ಆದರೆ ಗೊಳಸಂಗಿಯ ಮಂಗ್ಯಾಗಳು ಒಂದು ಹಂಚನ್ನೂ ಉಳಿಸಲಾರವು ಎಂದು ಬಿಟ್ಟ. ತಾಳಿಕೋಟೆಗೆ ಹೋಗಿ ಹಾಸುಗಲ್ಲು ನೋಡಿದ. ಅಷ್ಟು ಭಾರವನ್ನು ತನ್ನ ಮನೆಯ ಗೋಡೆ ಹೊರಲಾರದು ಅನ್ನಿಸಿತು. ಸ್ಲ್ಯಾಬು ಹಾಕಿಸೋಣವೆಂದರೆ ಸಿಮೆಂಟಿಗೆ ಪರ್ಮಿಟ್ ಬೇಕು. ಪರ್ಮಿಟಿಗಾಗಿ ಕಚೇರಿಗೆ ತಿರುಗಿ ತಿರುಗಿ ಚಪ್ಪಲಿ ಸವೆದವು. ಕಡೆಗೆ ಸಿಂದಗಿಯಲ್ಲಿ ಯಾರದೋ ತಗಡಿನ ಕೊಟ್ಟಿಗೆಯ ಕೆಳಗೆ ಮಳೆ ಹೊಯ್ಯುವಾಗ ಬೇಕೆಂದೇ ಹೋಗಿ ನಿಂತ. ಒಂದು ಹನಿಯೂ ಬೀಳಲಿಲ್ಲ. ಆಗ ತಗಡು ಎಂದು ಗಟ್ಟಿಮಾಡಿದ.

"ಮುಂದ ಹೊಚ್ಚೂ ಮನಿಷ್ಯಾ ಬೇಕಲ್ರಿ? ಊರ ಗೌಂಡಿ ಚಂದಪ್ಪ ನಾ ಮಾಡ್ತೇನಂದ. ನಮ್ಮ ಮಾಳಗಿ ಅವರಪ್ಪನ ಕಟ್ಟಿದ್ದು. ಆದ್ರ ಮಣ್ಣಿನ ಕೆಲಸ ಬ್ಯಾರೆ, ತಗಡಿನ ಕೆಲಸ ಬ್ಯಾರೆ. ಸರ್ಟಿಫಿಕೇಟ್ ಇದ್ದಾಂವನ ಬೇಕು ಅಂತ ದಾವಲಮಲಿಕನ್ನ ಹುಡಿಕಿದ್ನಿ. ಸರ್ಟಿಫಿಕೇಟ್ ಮಾಸ್ತರ ಕಡಿಂದ ಓದಿಸಿದ್ನಿ. ಅಷ್ಟಕ್ಕ ಬಿಡಲಿಲ್ಲ, ಅವ ಹೊಚ್ಚಿದ ಮನಿಗೋಳಿಗೆ ಹೋಗಿ ಹೆಣಮಕ್ಕಳನ್ನ ಕೇಳಿದ್ನಿ, ಸೋರ್ತೈತೇನವಾ ಅಂತ."

"ನನ್ನ ನೋಡಾಕ ಬಂದಾಗೂ ಇಷ್ಟು ಕೇಳಿದ್ದಿಲ್ಲ," ಎಂದಳು ಬಾಗಿಲ ಮರೆಯಿಂದ ಅವನ ಹೆಂಡತಿ ಕಸ್ತೂರೆವ್ವ. ಯಾವತ್ತೋ ನಗುತ್ತ ಆಡುತ್ತಿದ್ದ ಮಾತಿರಬೇಕು. ಈಗ ಯಾರೂ ನಗಲಿಲ್ಲ.

"ಇಷ್ಟೆಲ್ಲಾ ನೋಡಿ ಮಾಡಿದ್ರೂ ಅವ್ವನ್ನ ಉಳಿಸಾಕ ಆಗ್ಲಿಲ್ಲ," ಎಂದ ಗುರಲಿಂಗಪ್ಪ. "ಅಂವನ್ನ ಬಿಡಬಾರ್ದ್ರಿ ಅಕ್ಕೋರ. ಕೈ ಮುಗಿತೇನಿ. ನಮ್ಮವ್ವನ್ನ ಕೊಂದಾಂವ ಯಾರಂತ ನನಗ ತೋರಿಸ್ರಿ, ಸಾಕು."

ಅಕ್ಕೋರು ಹಿತ್ತಲ ಕಡೆಗೆ ನಡೆದರು. ಹುಚ್ಚವ್ವನ ಕೋಲಿ ಮನೆಯ ಕಡೆಯ ಭಾಗ. ಅಲ್ಲಿ ಮಾಡಿನ ಇಳಿಜಾರೂ ತೀರ ಕಡಿಮೆ. ಕಲ್ಲು, ಕಪ್ಪು ಎರೆಮಣ್ಣಿನ ಗೋಡೆ ಗುಡ್ಡೆಯಾಗಿ ಬಿದ್ದಿತ್ತು. ಹೆಣ ತೆಗೆಯುವಾಗ ಎಳೆದು ಹಾಕಿದ ತಗಡುಗಳು ಬೇವಿನ ಗಿಡದ ಬುಡದಲ್ಲಿದ್ದವು. ಅಕ್ಕೋರ ಅಪ್ಪಣೆಯಂತೆ ಪರಸಪ್ಪ ಬಿದ್ದ ಗೋಡೆಯ ಕೆಸರಲ್ಲಿ ಕಾಲಿಟ್ಟು ಒಂದನ್ನು ಎತ್ತಿ ಬೆಳಕಿಗೆ ಹಿಡಿದ. ಆಕಾಶ ಚುಕ್ಕೆ ಚುಕ್ಕೆಯಾಗಿ ಕಂಡಿತು.

"ತಿರುವು," ಎಂದರು ಅಕ್ಕೋರು. ತಿರುವಿದ. ಮೇಲ್ಮೈ ಪೂರಾ ತುಕ್ಕು ಹಿಡಿದಿತ್ತು. ಕೆಳಮೈ ಮಾತ್ರ, ತೂತುಗಳ ಅಂಚು ಬಿಟ್ಟರೆ, ಇನ್ನೂ ಹೊಳೆಯುತ್ತಿತ್ತು. ತಗಡಿನ ಉಬ್ಬಿದ ಏಣುಗಳು ಗಟ್ಟಿಯಾಗಿಯೇ ಇದ್ದವು. ತೂತು ಬಿದ್ದದ್ದೆಲ್ಲ ನಡುವಿನ ತಗ್ಗುಗಳಲ್ಲಿ. ಮೂಲೆಯಲ್ಲಿ ಕಂಪನಿಯ ಮುದ್ರೆ ಇತ್ತು. ಅಕ್ಕೋರು ಅದನ್ನು ನೋಡಿಕೊಂಡು ಒಳಗೆ ಹೋದರು. ಅಡಿಗೆಮನೆಯ ಮೇಲೆ, ಪಡಸಾಲೆಯ ಮೇಲೆ ಅದೇ ಮುದ್ರೆ. ಆ ತಗಡುಗಳಿಗೆ ಏನೂ ಆಗಿರಲಿಲ್ಲ.

"ಒಂದ ಗಂಟಿನ ಮಾಲು," ಎಂದ ಪರಸಪ್ಪ ಪಿಸುದನಿಯಲ್ಲಿ. "ಹಂಗಾರ ಗುಜರಿ ಮಾತು ಸುಳ್ಳು. ಯಾರೋ ಬೇಕಂತ ಮಾಡ್ಯಾರ್ರಿ."

ಅಕ್ಕೋರು ಅವನ ಕೆಸರುಗಾಲು ತೋರಿಸಿ, ತೊಳೆದುಕೊಂಡು ಬಾ ಎಂದರು.

ಪರಸಪ್ಪ ಕಾಲು ತೊಳೆಯಲು ಹಿತ್ತಲ ಬಾವಿಗೆ ಹೋದ. ಕಸ್ತೂರೆವ್ವ ಟಾಯರಿನ ರಬ್ಬರು ಹೊಲಿದು ಮಾಡಿದ ಬಕೀಟಿನಿಂದ ನೀರು ಸೇದಿ ಕೊಟ್ಟಳು. ಬಾವಿಕಟ್ಟೆಯ ಬದಿಗೆ ಒಂದು ತಗಡಿನ ಬಕೀಟು ತಳವಿಲ್ಲದೆ ಬಿದ್ದಿತ್ತು. "ಈ ನೀರು ಸವಳ್ರಿ, ಬರೇ ಉಪ್ಪು. ತಗಡಿನ ಬಕೀಟು ತಂದದ್ದ ತಂದದ್ದು, ಒಂದೂ ತಾಳಲಿಲ್ಲ. ಕುಡ್ಯಾಕ ಸೀನೀರು ದೂರಿಂದ ತರ್ತೇವಿ," ಎಂದಳು. ಆದರೆ ಆ ದುಃಖದ ಮನೆಯಲ್ಲಿ ನೀರು ತರುವವರು ಯಾರು? ಚಹಾ ಈ ನೀರಿನಲ್ಲೇ ಆಯಿತು. ಹಾಲು ಒಡೆದು, ಉಪ್ಪುಪ್ಪಾದ ಆ ಚಹಾವನ್ನು ಪರಸಪ್ಪ ಔಷಧ ಕುಡಿದಂತೆ ಕುಡಿದ. ಅಕ್ಕೋರು ಮಾತ್ರ ಸಾವಕಾಶ ಕುಡಿದು, ಕಸ್ತೂರೆವ್ವನನ್ನು ಹತ್ತಿರ ಕೂಡಿಸಿಕೊಂಡರು.

"ನಿಮ್ಮತ್ತಿಗೆ ಹೊಸಾ ಮನಿ ಮನಸಿಗೆ ಬಂದಿತ್ತೇನವಾ?"

"ಮೊದಲ ಬಂದಿದ್ದಿಲ್ರಿ. ತಗಡು ಹಾಕಿದ ವರ್ಷದ ಬ್ಯಾಸಗ್ಯಾಗ, 'ಒಲಿ ಮ್ಯಾಲಿನ ಹೆಂಚಿನ್ಯಾಗ ಮಲಗಿಸಿರಿ ನನ್ನ' ಅಂತ ಬೈತಿದ್ಳು. ಹಾಸಿಗಿ ತೊಗೊಂಡು ಈ ಬೇವಿನ ಗಿಡದ ಬುಡಕ ಮಲಗ್ತಿದ್ಳು. ನಾಯಿ ಬಂದು ಕಾಲು ನೆಕ್ಕತಿದ್ದವು, ಅವಕ್ಕೂ ಬೈತಿದ್ಳು."

"ಆಮ್ಯಾಲ?"

"ಆಮ್ಯಾಲಿನ ಎರಡೂ ಬ್ಯಾಸಗಿ ಕೋಲಿ ಬಿಟ್ಟು ಹೊರಗ ಬರಲಿಲ್ರಿ. ಮಧ್ಯಾಹ್ನಾನೂ ಅಲ್ಲೇ ಮಲಗ್ತಿದ್ಳು." ಕಸ್ತೂರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಈ ಮಳಿಗಾಲದಾಗ ಸೋರಾಕ ಹತ್ತಿತ್ರಿ. ನಮ್ಮನಿಯವ್ರು ಮಾಡಬೇಕಾದ್ದೆಲ್ಲಾ ಮಾಡಿದ್ರು. ಆದ್ರೂ ನಿಲ್ಲಲಿಲ್ಲ."

ಹೊರಗೆ ಬಂದಾಗ ನೆರೆಮನೆಯ ಮುದುಕನೊಬ್ಬ ಕೇಳದಿದ್ದರೂ ಹೇಳಿದ: "ಚಂದಪ್ಪನ್ನ ಕೇಳ್ರಿ ಅಕ್ಕೋರ. ಕೆಲಸ ಕೈ ಬಿಟ್ಟು ಹೋದ ದಿವಸ ಕಟ್ಟಿ ಮ್ಯಾಲ ಕುಂತು, 'ಆ ತಗಡು ಮೂರು ಮಳಿ ನೋಡಂಗಿಲ್ಲ' ಅಂದಿದ್ದ. ಆಮ್ಯಾಲ ಅವನ ಚಕ್ಕಡಿ ಈ ಮನಿ ಮುಂದ ನಿಂತಿದ್ದೂ ನಾ ಕಂಡೀನಿ."

ಪರಸಪ್ಪನಿಗೆ ಇಷ್ಟು ಸಾಕಾಯಿತು. ಸಿಟ್ಟಿತ್ತು, ಶಾಪವಿತ್ತು, ಮನೆ ಮುಂದೆ ಚಕ್ಕಡಿಯೂ ಇತ್ತು. ಚಂದಪ್ಪನ ಮನೆಗೆ ಹೋಗುವಷ್ಟರಲ್ಲಿ ಅವನು ಮನಸ್ಸಿನಲ್ಲೇ ಚಂದಪ್ಪನಿಗೆ ಬೇಡಿ ಹಾಕಿಸಿಬಿಟ್ಟಿದ್ದ.

ಚಂದಪ್ಪ ಗೌಂಡಿ ಕೊಟ್ಟಿಗೆಯಲ್ಲಿ ಎತ್ತಿಗೆ ಮೇವು ಹಾಕುತ್ತಿದ್ದ. ಪ್ರಶ್ನೆ ಮುಗಿಯುವ ಮೊದಲೇ ಒದರಾಡಿದ. "ಅಂದಿದ್ದೆ! ಯಾಕ ಸುಳ್ಳು ಹೇಳ್ಲಿ? ನಮ್ಮಪ್ಪ ಕಟ್ಟಿದ ಮಾಳಗಿ ಕೆಡವಿ ಪರಊರವನ್ನ ಕರ್ಕೊಂಡು ಬಂದ್ರ ಸಿಟ್ಟು ಬರಂಗಿಲ್ಲೇನು? ಸಿಟ್ಟಿನ್ಯಾಗ ಅಂದೀನಿ. ಹುಚ್ಚವ್ವ ನನ್ನ ಕೈಗೂಸಿದ್ದಾಗಿಂದ ಎತ್ತಿ ಆಡಿಸಿದಾಕಿ. ಆಕಿ ಸಾಯ್ಲಿ ಅಂತ ಅಂದಿದ್ದಿಲ್ಲ."

"ನಿನ್ನ ಚಕ್ಕಡಿ ಅವರ ಮನಿಗೆ ಹೋಗಿತ್ತಂತಲ್ಲಪಾ?"

"ಹೋಗಿತ್ರಿ. ನನ್ನ ಚಕ್ಕಡಿ ಬ್ಯಾಸಗ್ಯಾಗ ಊರ ಮಂದಿ ಎಲ್ಲಾರ ಮನಿಗೂ ಹೋಗ್ತೈತಿ."

"ತಗಡಿನ ಮ್ಯಾಲ ಹತ್ತಿದ್ದಿ?"

"ಕಾಲಿಟ್ಟಿಲ್ಲ. ಬಸವಣ್ಣನ ಆಣಿ."

ಅಕ್ಕೋರು ಚಕ್ಕಡಿಯ ಹತ್ತಿರ ಹೋದರು. ಹಲಗೆಗಳ ಸಂದಿಯಲ್ಲಿ ಬೆರಳಾಡಿಸಿ, ಬೆರಳ ತುದಿಗೆ ಹತ್ತಿದ್ದನ್ನು ನಾಲಿಗೆಗೆ ಮುಟ್ಟಿಸಿಕೊಂಡರು. ಸಣ್ಣ ಕೂಸಿನಂತೆ ಅಕ್ಕೋರು ಮಣ್ಣು ತಿನ್ನುವುದನ್ನು ಕಂಡು ಪರಸಪ್ಪನಿಗೆ ನಾಚಿಕೆಯಾಯಿತು. ಅವರು ಸೆರಗಿಗೆ ಬೆರಳೊರೆಸಿಕೊಂಡು ಬಸ್ಸಿನ ಕಡೆ ಹೊರಟರು.

ಬಸ್ಸಿನಲ್ಲಿ ಪರಸಪ್ಪ ತನ್ನ ಗೆಲುವಿನಲ್ಲೇ ಇದ್ದ. "ಚಂದಪ್ಪ ಸಿಕ್ಕಾ ಅಲ್ರಿ?" ಎಂದ. ಅಕ್ಕೋರು ಅವನ ಧೋತರವನ್ನೇ ನೋಡುತ್ತಿದ್ದರು. ಬಿದ್ದ ಗೋಡೆಯ ಕೆಸರು ಒಣಗಿತ್ತು. ಎರೆಮಣ್ಣಿನ ಕರೆಯ ಮೇಲೆಲ್ಲ ಬೆಳ್ಳಗೆ ಹಿಟ್ಟು ಉದುರಿಸಿದಂತೆ ಒಂದು ಪದರು ಎದ್ದಿತ್ತು.

"ಧೋತರ ಒಗಿಬ್ಯಾಡ," ಎಂದರು. ಆ ಬಿಳಿ ಪದರನ್ನು ಬೆರಳಿಂದ ಮುಟ್ಟಿ ನೋಡಿ, "ಪರಸಪ್ಪ, ಈ ಸಲ ನನಗ ಗೊತ್ತಾಗಬಾರದಿತ್ತು," ಎಂದರು.

ಅಷ್ಟು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದನ್ನು ಪರಸಪ್ಪ ಕೇಳಿರಲಿಲ್ಲ. ಅವನ ಗೆಲುವು ಅಲ್ಲೇ ಇಳಿಯಿತು. "ಹಂಗಾರ ಗೊತ್ತಾಗಿಲ್ಲ ಅಂದುಬಿಡ್ರಿ," ಎಂದ.

"ಸಗೀರಾನ ಗಂಡ ಸಹಿ ಮಾಡ್ತಾನ."

ಬಾಗೇವಾಡಿ ಬರುವ ತನಕ ಇಬ್ಬರೂ ಕಿಟಕಿಯ ಆಚೆಗೆ ತೊಗರಿ ಹೊಲ ನೋಡುತ್ತ ಕೂತರು.

ಮರುದಿನ ಮಧ್ಯಾಹ್ನ ಗುರಲಿಂಗಪ್ಪನ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಫೌಜದಾರರು ದಾವಲಮಲಿಕನನ್ನು ಕೈಬೇಡಿ ಹಾಕಿಯೇ ಕರೆತಂದಿದ್ದರು. ತೆಳ್ಳಗಿನ ಮನುಷ್ಯ, ಗಡ್ಡ ಬೆಳೆದಿತ್ತು. ತಾನೇ ಹೊದಿಸಿದ ಮಾಡಿನ ಕಡೆ ಕತ್ತೆತ್ತಿ ನೋಡುವ ಧೈರ್ಯವೂ ಅವನಿಗಿರಲಿಲ್ಲ. ಸಗೀರಾ ಬಾಗಿಲ ಹತ್ತಿರ ನಿಂತಳು. ಚಂದಪ್ಪ ಮೂಲೆ ಹಿಡಿದ. ಗುರಲಿಂಗಪ್ಪ ಎಲ್ಲರಿಗಿಂತ ಮುಂದೆ, ಅಕ್ಕೋರ ಎದುರಿಗೇ ಕೂತ. ಅಕ್ಕೋರು ಬಾವಿಕಟ್ಟೆಯ ತಳವಿಲ್ಲದ ಬಕೀಟನ್ನು ತರಿಸಿ ಗೋಡೆಗೆ ಒರಗಿಸಿ ಇಟ್ಟಿದ್ದರು.

"ಮೊದಲ ಗುಜರಿ ಮಾತು ಮುಗಸೂಣು," ಎಂದರು ಅಕ್ಕೋರು. ಪಾಠ ಹೇಳುವ ದನಿಯೇ, ಆದರೆ ಎಂದಿಗಿಂತ ಸಣ್ಣಗಿತ್ತು. "ಬಿದ್ದ ಕೋಲಿ ತಗಡಿಗೂ ಈ ಪಡಸಾಲಿ ತಗಡಿಗೂ ಒಂದ ಮುದ್ರಿ. ಒಂದ ಗಂಟು, ಒಂದ ದಿವಸ ಹೊಚ್ಚಿದ್ದು. ನೋಡ್ರಿ, ಇವು ಹೊಳ್ಯಾಕತ್ತಾವು. ಮಾಲು ಕೆಟ್ಟಿದ್ರ ಇವೂ ಕೊಳೀಬೇಕಿತ್ತು."

ಫೌಜದಾರರು ಕತ್ತೆತ್ತಿ ನೋಡಿದರು. ಅವರಿಗೆ ಒಪ್ಪದೆ ಗತಿಯಿರಲಿಲ್ಲ.

"ಎರಡನೇದ್ದು, ತುಕ್ಕು ಮ್ಯಾಲಿಂದ ತಿಂದೈತಿ, ಕೆಳಗಿಂದಲ್ಲ. ಏಣು ಬಿಟ್ಟು ತಗ್ಗಿನ್ಯಾಗ ತಿಂದೈತಿ. ಬರೇ ಮಳಿ ನೀರಾದ್ರ ಹರದು ಹೋಗ್ತೈತಿ. ಏನೋ ಒಂದು ತಗ್ಗಿನ್ಯಾಗ ಕುಂತು, ಹಸೀ ಹಿಡಕೊಂಡು, ದಿನಾ ತಿಂದೈತಿ. ಏನದು? ಪರಸಪ್ಪ, ಧೋತರ ತೋರಿಸು."

ಪರಸಪ್ಪ ಎದ್ದು ನಿಂತು ಧೋತರದ ಅಂಚು ಹಿಡಿದು ತೋರಿಸಿದ. ಶಾಲೆಯಲ್ಲಿ ತಪ್ಪು ಮಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದುದು ಅವನಿಗೆ ನೆನಪಾಯಿತು.

"ಗ್ವಾಡಿ ಎರಿಮಣ್ಣಿಂದು. ಆ ಕೆಸರು ಒಣಗಿದ್ರ ಬೆಳ್ಳಗ ಯಾಕಾತು? ಗ್ವಾಡಿ ಮಣ್ಣಿನ್ಯಾಗ ಬ್ಯಾರೆ ಮಣ್ಣು ಬೆರತೈತಿ. ಸವಳು ಮಣ್ಣು, ಉಪ್ಪಿನ ಮಣ್ಣು. ಮಾಳಗಿ ಮ್ಯಾಲ ವರ್ಷಾ ಹಾಕೂ ಮಣ್ಣು. ನೀರು ಬಿಡಂಗಿಲ್ಲ, ಹುಲ್ಲು ಬೆಳಿಗೊಡಂಗಿಲ್ಲ, ಕೆಳಗ ತಂಪು. ಮಣ್ಣಿನ ಮಾಳಗಿಗೆ ಅದರಂಥಾ ವಸ್ತು ಇಲ್ಲ. ತಗಡಿಗೆ ಅದ ಏನು ಮಾಡ್ತೈತಿ ಅಂತ ಈ ಬಕೀಟು ನೋಡಿ ತಿಳ್ಕೋರಿ. ಇದ ಊರ ಸವಳು ಇದರ ತಳಾ ತಿಂದೈತಿ."

"ಚಕ್ಕಡಿ!" ಎಂದು ಫೌಜದಾರರು ಎದ್ದೇಬಿಟ್ಟರು. "ಸವಳು ಮಣ್ಣು ಹೇರೂದು ಚಂದಪ್ಪನ ಚಕ್ಕಡಿ! ಮೂರು ಮಳಿ ನೋಡಂಗಿಲ್ಲ ಅಂದಾಂವನೂ ಇಂವನ!"

ಚಂದಪ್ಪ ಮೂಲೆಗೆ ಇನ್ನಷ್ಟು ಸರಿದ. ಅಕ್ಕೋರು ಕೈ ಅಡ್ಡ ಹಿಡಿದರು. "ಕೂಡ್ರಿ. ತಗಡು ತಿನ್ನಿಸಬೇಕು ಅಂತ ಹಾಕಿದಾಂವ ಆದ್ರ ಕದ್ದು ಹಾಕಬೇಕು. ಹಾಡೇ ಹಗಲಿ ಮನಿ ಮುಂದ ಚಕ್ಕಡಿ ನಿಲ್ಲಸಂಗಿಲ್ಲ. ಮ್ಯಾಲ ಹತ್ತಿಲ್ಲ ಅಂತ ಆಣಿ ಮಾಡ್ಯಾನ, ಅದು ಖರೆ. ಅವನ ಚಕ್ಕಡ್ಯಾಗಿನ ಮಣ್ಣು ನಿನ್ನಿ ನನ್ನ ನಾಲಿಗಿಗೆ ಉಪ್ಪು ಹತ್ತಿತು. ಅವ ಆ ಮಣ್ಣು ತಂದು ಬಾಗಲಿಗೆ ಇಳಿಸಿ ಹ್ವಾದ. ಹೌದಿಲ್ಲೋ ಚಂದಪ್ಪ?"

"ಹೌದ್ರಿ. ಬ್ಯಾಸಗ್ಯಾಗ ಎಲ್ಲಾರಿಗೂ ತಂದು ಕೊಡ್ತೇನಿ. ಅದನ್ನೇನು ಯಾರರೆ ಕೇಳ್ತಾರೇನ್ರಿ?"

"ಇನ್ನ ಉಳಿದದ್ದು ಒಂದ. ತಗಡು ಹಾಕಿದ ವರ್ಷ ಹುಚ್ಚವ್ವ ಸೆಕಿ ತಾಳಲಾರದ ಬೇವಿನ ಗಿಡದ ಬುಡಕ ಮಲಗಿದ್ಳು. ಆಮ್ಯಾಲಿನ ಎರಡು ಬ್ಯಾಸಗಿ, ಮಧ್ಯಾಹ್ನಾನೂ ಕೋಲಿ ಬಿಟ್ಟು ಬರಲಿಲ್ಲ. ಅದ ಕೋಲಿ, ಅದ ತಗಡು. ಒಳಗ ಹ್ಯಾಂಗ ತಂಪಾತು? ಮಣ್ಣು ಬಿದ್ದದ್ದು ಆಕಿ ಒಬ್ಬಾಕಿ ಕೋಲಿ ಮ್ಯಾಲ. ಅಂದಮ್ಯಾಲ, ಆಕಿ ತಂಪಾಗಿ ಮಲಗಲಿ ಅಂತ ಯಾರಿಗೆ..."

ಅಕ್ಕೋರು ಅಲ್ಲಿಗೆ ನಿಂತರು. ತಪ್ಪಿತಸ್ಥನ ಹೆಸರು ಹೇಳುವಾಗ ಅವರು ನಿಂತದ್ದನ್ನು ಪರಸಪ್ಪ ಎಂದೂ ಕಂಡಿರಲಿಲ್ಲ. ಅವರು ಎದುರಿಗಿದ್ದ ಗುರಲಿಂಗಪ್ಪನ ಮುಖದಿಂದ ಕಣ್ಣು ತೆಗೆದು ಕೊಡೆಯ ಹಿಡಿಕೆ ನೋಡಿದರು. ಆಗ ಅವನಿಗೆ ತಿಳಿಯಿತು. ತಿಳಿದೊಡನೆ, ಎದ್ದು ಹೋಗಿ ಆ ಬಕೀಟನ್ನು ಎತ್ತಿ ಎಲ್ಲಾದರೂ ಒಗೆದುಬಿಡಬೇಕು ಅನ್ನಿಸಿತು. ಆದರೆ ಬಾಗಿಲಲ್ಲಿ ಸಗೀರಾ ನಿಂತಿದ್ದಳು. ಪರಸಪ್ಪ ಕೂತಲ್ಲೇ ಕೂತ.

"ನಾನ ಹಾಕೀನ್ರಿ," ಎಂದ ಗುರಲಿಂಗಪ್ಪ.

ಅವನ ದನಿಯಲ್ಲಿ ಅಂಜಿಕೆಯಾಗಲಿ ಮುಚ್ಚುಮರೆಯಾಗಲಿ ಇರಲಿಲ್ಲ. ಅಕ್ಕೋರು ಇಷ್ಟು ಸಣ್ಣ ಸಂಗತಿಗೆ ಯಾಕೆ ತಡವರಿಸುತ್ತಿದ್ದಾರೆ ಎನ್ನುವಂತೆ ಅವನೇ ಅವರಿಗೆ ನೆರವಾಗುತ್ತಿದ್ದ. "ಅದರಾಗೇನೈತ್ರಿ? ನಮ್ಮಪ್ಪ ಹಾಕ್ತಿದ್ದ, ನಮ್ಮಜ್ಜ ಹಾಕ್ತಿದ್ದ. ಅವ್ವ ಸೆಕಿಗೆ ಬೇಯಾಕತ್ತಿದ್ಳು. ಅದಕ್ಕ ಅಂಚಿಗೆ ಕಲ್ಲಿಟ್ಟು, ಬುಟ್ಟಿ ತೊಗೊಂಡು ನಾನ ಹತ್ತಿ ಹಾಸಿದ್ನಿ. ಸೋರಾಕ ಹತ್ತಿದ ಮ್ಯಾಲ ಮತ್ತಷ್ಟು ಹಾಕಿದ್ನಿ. ಸೋರಿದ್ರ ಸವಳ ಹಾಕಬೇಕಲ್ರಿ? ಗಟ್ಟಿ ಆಗ್ಲಿ ಅಂತ ತುಳದು ತುಳದು..."

ಮಾತು ಅಲ್ಲಿ ನಿಧಾನವಾಯಿತು. ಅವನ ಕಣ್ಣು ಗೋಡೆಗೆ ಒರಗಿಸಿದ್ದ ಬಕೀಟಿನ ಮೇಲೆ ನಿಂತಿತ್ತು. ತಳವಿಲ್ಲದ್ದರಿಂದ ಅದರೊಳಗೆ ಗೋಡೆ ಕಾಣುತ್ತಿತ್ತು. ಅವನು ಅದನ್ನು ನೋಡಿದ, ತನ್ನ ಎರಡೂ ಕೈಗಳನ್ನು ನೋಡಿಕೊಂಡ, ಮತ್ತೆ ಅದನ್ನು ನೋಡಿದ.

"ಅಲ್ರಿ ಅಕ್ಕೋರ," ಎಂದ. ಅಷ್ಟೇ ಅಂದ.

ಕಸ್ತೂರೆವ್ವ ಬಾಗಿಲ ಮರೆಯಿಂದ ಹೊರಗೆ ಬಂದು, ಅಷ್ಟು ಜನರ ಮುಂದೆ, ಗಂಡನ ಪಕ್ಕಕ್ಕೆ ನೆಲದ ಮೇಲೆ ಕೂತಳು. ನಿನ್ನೆ ಮನಸ್ಸಿನಲ್ಲೇ ಚಂದಪ್ಪನಿಗೆ ಬೇಡಿ ಹಾಕಿಸಿ ಖುಷಿಪಟ್ಟವನು ತಾನೇ ಎಂದು ನೆನೆದು ಪರಸಪ್ಪನಿಗೆ ತನ್ನ ಮೇಲೇ ಬೇಸರವಾಯಿತು.

ಮೊದಲು ಮಾತಾಡಿದವನು ದಾವಲಮಲಿಕ. "ತಪ್ಪು ನಂದೂ ಐತ್ರಿ. ತಗಡಿನ ಮ್ಯಾಲ ಮಣ್ಣು ಹಾಕಬ್ಯಾಡ್ರಿ ಅಂತ ಒಂದು ಮಾತು ಹೇಳಿದ್ರ ಆಗ್ತಿತ್ತು. ನಾ ಕಲ್ತ ಊರಾಗ ಯಾರೂ ಹಾಕ್ತಿದ್ದಿಲ್ಲ. ಹಾಕ್ತಾರ ಅಂತ ನನ್ನ ತಲಿಗೇ ಬರಲಿಲ್ಲ."

"ತಗಡಿನ ಮನಿಗೆ ಸವಳು ಯಾಕಪಾ ಅಂತ ನಾನೂ ಕೇಳಲಿಲ್ಲ," ಎಂದ ಚಂದಪ್ಪ ಮೂಲೆಯಿಂದ. "ಹುಚ್ಚವ್ವನ ಮನಿಗೆ ಮಣ್ಣು ಕೊಡೂ ಕೆಲಸರೆ ಉಳೀತಲ್ಲ ಅಂತ ಸಂತೋಷಪಟ್ನಿ."

ಫೌಜದಾರರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಅವರ ಅವಸರವೆಲ್ಲ ಎಲ್ಲಿ ಹೋಗಿತ್ತೋ. "ಈಗ ನಾ ಯಾರ ಹೆಸರು ಬರೀಲ್ರಿ ಅಕ್ಕೋರ?"

"ಯಾರದೂ ಬರೀಬ್ಯಾಡ್ರಿ. ಆದದ್ದು ಹ್ಯಾಂಗಾತು ಅಂತ ಬರೀರಿ. ಮೊದಲ ಅವನ ಬೇಡಿ ಬಿಚ್ಚರಿ," ಎಂದರು ಅಕ್ಕೋರು.

ಬೇಡಿ ಬಿಚ್ಚಿದರು. ಫೌಜದಾರರು ಜೀಪಿನಿಂದ ಆ ಸರ್ಟಿಫಿಕೇಟಿನ ಕಟ್ಟನ್ನೂ ತರಿಸಿಕೊಟ್ಟರು. ಸಗೀರಾ ಅದನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಳು. ನಗಬೇಕೋ ಅಳಬೇಕೋ ತಿಳಿಯದೆ ಗಂಡನ ಮುಖ ನೋಡಿದಳು. ಅವನು ಅವಳ ಕಡೆ ಬರಲಿಲ್ಲ. ಗುರಲಿಂಗಪ್ಪನ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತ.

"ಗೌಡ್ರ, ಗ್ವಾಡಿ ಎಬ್ಬಿಸಿ ಆ ಕೋಲಿ ಮುಚ್ಚಬೇಕ್ರಿ. ಮಳಿ ಇನ್ನೂ ಐತಿ. ನಾ ಮುಚ್ಚಿಕೊಡ್ತೇನಿ, ಚಂದಪ್ಪಣ್ಣ ಕೂಡ್ತಾನ. ಏನು ಹಾಕೂಣ ಹೇಳ್ರಿ?"

ಹಂಚೋ, ಕಲ್ಲೋ, ತಗಡೋ ಎಂದು ಒಂದು ವರ್ಷ ಊರೂರು ತಿರುಗಿ ಕೇಳಿದ್ದ ಮನುಷ್ಯ. ಆ ಪ್ರಶ್ನೆ ಅವನ ಕಿವಿಗೆ ಬಿದ್ದಿತೋ ಇಲ್ಲವೋ. "ನನ್ನ ಕೇಳಬ್ಯಾಡಪಾ," ಎಂದ. "ನನಗೇನೂ ಕೇಳಬ್ಯಾಡ."

ಹೊರಗೆ ಮತ್ತೆ ಹನಿ ಶುರುವಾಯಿತು. ಉಳಿದ ತಗಡಿನ ಮೇಲೆ ಮೊದಲು ಒಂದೊಂದಾಗಿ, ಆಮೇಲೆ ಒಟ್ಟಿಗೆ ಸದ್ದು ಎದ್ದಿತು. ಒಂದು ಹನಿಯೂ ಒಳಗೆ ಬೀಳಲಿಲ್ಲ. ಅಕ್ಕೋರು ಹೊರಡಲು ಎದ್ದರು. ಪರಸಪ್ಪ ಕೊಡೆ ಬಿಚ್ಚಿ ಮುಂದೆ ನಡೆದ. ಹೊಸ್ತಿಲು ದಾಟುವಾಗ ಹಿಂದಿನಿಂದ ಗುರಲಿಂಗಪ್ಪ ಕರೆದ.

"ಅಕ್ಕೋರ." ಮಳೆಯ ಸದ್ದಿನಲ್ಲಿ ಅವನ ದನಿ ಅರ್ಧ ಮುಚ್ಚಿಹೋಗಿತ್ತು. "ಅವ್ವ ಆ ಎರಡು ಬ್ಯಾಸಗಿ ತಣ್ಣಗ ಮಲಗಿದ್ಳಲ್ರಿ? ಅಷ್ಟರೆ ಖರೆ ಐತಲ್ರಿ?"

ಅಕ್ಕೋರು ಹೊಸ್ತಿಲ ಮೇಲೇ ನಿಂತರು. ಅವರ ಕಣ್ಣಿನಿಂದ ನೀರು ಇಳಿಯುತ್ತಿದ್ದುದನ್ನು ಪರಸಪ್ಪ ನೋಡಿದ. ನೋಡಿ ಬೇರೆ ಕಡೆ ತಿರುಗಿದ.

"ಮಲಗಿದ್ಳಪ್ಪ," ಎಂದರು ಅಕ್ಕೋರು. "ಆಕಿ ತಣ್ಣಗ ಮಲಗಿದ್ಳು. ಅದರಿಂದನ ನನಗ ಗೊತ್ತಾದದ್ದು."